ಉಸಿರು ಬಿಟ್ಟು ಕೊಟ್ಟ ಅಳತೆ

ಇಸವಿ ಎರಡು ಸಾವಿರದ ನೂರ ತೊಂಬತ್ತೆರಡು, ಮೂರನೇ ಬೇಸಿಗೆ, ನಲವತ್ತೊಂದನೇ ತಾರೀಖು
ಏಳುಬಟ್ಟೆ ಅಂಗಡಿ, ಒಂಬತ್ತು ಬೀದಿಯ ವಾರ್ಡು, ದಾವಣಗೆರೆ

ನನ್ನ ಮುತ್ತಜ್ಜಿಯ ಮುತ್ತಜ್ಜಿಯವರಿಗೆ ಚಂಪಾವತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ವರ್ಷಕ್ಕೆ ಮೂರು ಬೇಸಿಗೆ. ತಿಂಗಳುಗಳನ್ನು ಎಣಿಸುವುದನ್ನು ನಮ್ಮ ಹಿರಿಯರೇ ಬಿಟ್ಟುಬಿಟ್ಟರು. ಈ ಕಾಗದದಲ್ಲಿ ನಿಮ್ಮ ಕಿವಿಗೆ ಹೊಸದಾದ ಕೆಲವು ಮಾತುಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇನ್ನೊಂದು ಸಂಕೋಚವೂ ಇದೆ. ನನಗೀಗ ಐವತ್ತೆರಡು ವರ್ಷ. ಈ ಕಾಗದ ಕೈಸೇರುವಾಗ ನಿಮಗೆ ಮೂವತ್ತೂ ತುಂಬಿರುವುದಿಲ್ಲ. ನನ್ನ ಮಗಳ ವಯಸ್ಸಿನವರನ್ನು ಅಜ್ಜಿ ಎಂದು ಕರೆಯುವುದು ಹೇಗೆ? ಆದರೂ ಅಜ್ಜಿಯೇ ಅನ್ನುತ್ತೇನೆ. ವಯಸ್ಸು ನಿಮ್ಮದು ಕಡಿಮೆಯಿರಬಹುದು, ಸ್ಥಾನ ದೊಡ್ಡದು.

ನಮ್ಮಲ್ಲಿ ಹಿಂದಂಚೆ ಎಂಬ ಕಚೇರಿಯಿದೆ. ಐವತ್ತು ದಾಟಿದ ಪ್ರತಿಯೊಬ್ಬರಿಗೂ ತಮ್ಮ ಹಿಂದಿನವರಿಗೆ ಒಂದು ಕಾಗದ ಬರೆಯುವ ಹಕ್ಕಿದೆ, ಒಂದೇ ಒಂದು. ಚಿನ್ನದ ರೇಟು, ಚುನಾವಣೆಯಲ್ಲಿ ಗೆದ್ದವರ ಹೆಸರು, ಯಾರು ಯಾವಾಗ ತೀರಿಕೊಂಡರು ಎಂಬುದು, ಈ ಮೂರನ್ನು ಬರೆಯುವಂತಿಲ್ಲ. ಬರೆದರೆ ಅಲ್ಲಿನ ಗುಮಾಸ್ತರು ಕತ್ತರಿ ಹಾಕಿ ಕಾಗದವನ್ನು ಜಾಲರಿ ಮಾಡಿ ಕಳಿಸುತ್ತಾರೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯ ಬರೆಯುತ್ತಿದ್ದೇನೆ. ಅದು ಬಟ್ಟೆ. ನಾನು ಅಳತೆಗಾತಿ. ಮೂವತ್ತೆರಡು ವರ್ಷದಿಂದ ಈ ಅಂಗಡಿಯಲ್ಲಿ ಟೇಪು ಹಿಡಿದು ನಿಂತಿದ್ದೇನೆ. ಹನ್ನೊಂದು ಸಾವಿರ ಮೈಗಳನ್ನು ಅಳೆದಿದ್ದೇನೆ. ತಪ್ಪು ಮೈ ಒಂದೂ ಸಿಕ್ಕಿಲ್ಲ, ತಪ್ಪು ಬಟ್ಟೆ ಮಾತ್ರ ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಇದನ್ನು ಜಂಬ ಎಂದುಕೊಂಡರೂ ಚಿಂತೆಯಿಲ್ಲ.

ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಒಂದೇ ಕಥೆ ಉಳಿದಿದೆ. ನಿಮ್ಮದೊಂದು ಗೋಡೆಯುದ್ದದ ಬೀರುವಂತೆ. ಬಾಗಿಲು ತೆರೆದರೆ ಬಟ್ಟೆಗಳೆಲ್ಲ ಕಾಲ ಮೇಲೆ ಬೀಳುತ್ತಿದ್ದವಂತೆ. ಆದರೂ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, "ಹಾಕ್ಕಳಾಕೆ ಒಂದೂ ಬಟ್ಟೆ ಇಲ್ಲ" ಎಂದು ಗೊಣಗುತ್ತಿದ್ದಿರಂತೆ. ನಮ್ಮ ಮಕ್ಕಳಿಗೆ ಈ ಕಥೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತವೆ. ನಾನು ನಗುವುದಿಲ್ಲ. ನಿಮ್ಮ ಬೀರುವಿನಲ್ಲಿ ಏನು ನಡೆದಿದೆ ಎಂದು ನನಗೆ ಗೊತ್ತು.

ಮೊದಲು ನಮ್ಮ ಕಾನೂನು ಹೇಳುತ್ತೇನೆ. ಹತ್ತಿಗೆ ಕುಡಿಸಲು ನೀರಿಲ್ಲದ ಕಾಲ ನಮ್ಮದು. ಆದ್ದರಿಂದ ಪ್ರತಿಯೊಬ್ಬರಿಗೂ ಏಳು ವರ್ಷಕ್ಕೆ ಏಳು ಬಟ್ಟೆ. ಹೆಂಗಸರು ಸಾಮಾನ್ಯವಾಗಿ ಎರಡು ಕುಪ್ಪಸ, ಎರಡು ಪೈಜಾಮ, ಒಂದು ನಿಲುವಂಗಿ, ಒಂದು ಸೀರೆ, ಒಂದು ಬಿಸಿಲಂಗಿ ತೆಗೆದುಕೊಳ್ಳುತ್ತಾರೆ. ಬಿಸಿಲಂಗಿ ಎಂದರೆ ಮಧ್ಯಾಹ್ನ ಹೊರಗೆ ಹೋಗುವಾಗ ತಲೆಯಿಂದ ಮೊಣಕಾಲಿನವರೆಗೆ ಹೊದೆಯುವ ಬಿಳಿ ಉಡುಪು. ಒಳಉಡುಪು ಈ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟು ಕಟುಕರಲ್ಲ ನಾವು. ಬೆಳೆಯುವ ಮಕ್ಕಳಿಗೂ ಬಸುರಿಯರಿಗೂ ಬೇರೆ ಪಾಲಿದೆ. ಹಳೆಯ ಏಳನ್ನು ನೂಲು ಬಿಚ್ಚಲು ಒಪ್ಪಿಸಿದರೇ ಹೊಸ ಏಳು. ಕತ್ತರಿಸುವುದು ಯಂತ್ರ. ಅದು ಅಳತೆಗೆ ಸರಿಯಾಗಿ ಕತ್ತರಿಸುತ್ತದೆ, ಮುಂದೆ ಬಿಚ್ಚಿ ಸಡಿಲಿಸಲು ನಿಮ್ಮ ಟೈಲರುಗಳು ಹೊಲಿಗೆಯೊಳಗೆ ಬಿಡುತ್ತಿದ್ದ ಎರಡು ಬೆರಳು ಬಟ್ಟೆಯನ್ನು ಬಿಡುವುದಿಲ್ಲ. ಹೀಗಾಗಿ ಅಳತೆಯ ದಿನ ತಪ್ಪಿದವರಿಗೆ ಏಳು ವರ್ಷ ಆ ತಪ್ಪಿನೊಳಗೇ ವಾಸ.

ಅಂಗಡಿಯಲ್ಲಿ ಕನ್ನಡಿ ಇಲ್ಲ. ಕನ್ನಡಿಯ ಮುಂದೆ ಯಾರೂ ನೇರವಾಗಿ ನಿಲ್ಲುವುದಿಲ್ಲ ಎಂದು ಹಿಂದೆ ಯಾರೋ ಜಾಣರು ಕಂಡುಕೊಂಡಿದ್ದರಂತೆ. ಕನ್ನಡಿಯ ಬದಲು ನೋಡುಗರು. ಅಳತೆಗೆ ಹೋಗುವವರು ತಮ್ಮನ್ನು ದಿನವೂ ಕಾಣುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಅಳತೆ ಮುಗಿದ ಮೇಲೆ ಅಳತೆಗಾತಿ ನೋಡುಗರ ಕಡೆ ತಿರುಗಿ, "ಇದು ಇವರ ಮೈಯೇನು?" ಎಂದು ಮೂರು ಸಲ ಕೇಳುತ್ತಾಳೆ. ನೋಡುಗರು ಮೂರು ಸಲ ಹೌದು ಎಂದರೆ ಅಳತೆ ಯಂತ್ರಕ್ಕೆ ಹೋಗುತ್ತದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಲ್ಲವೇ? ನಾವು ಅದನ್ನೇ ಕಾನೂನು ಮಾಡಿದ್ದೇವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಇಪ್ಪತ್ತರ ಹುಡುಗಿಯಾಗಿದ್ದಾಗ ನನ್ನ ಅವ್ವನಿಗೆ ನೋಡುಗಿಯಾಗಿ ಹೋಗಿದ್ದೆ. ಅವ್ವನ ಹೆಸರು ಹಾಲಮ್ಮ. ಊರಿಗೆಲ್ಲ ಹಾಲಕ್ಕ. ಆಕೆ ನಮ್ಮ ವಾರ್ಡಿನ ಕೂಗುಗಾತಿ. ಈ ಮಾತನ್ನೂ ಬಿಡಿಸಿ ಹೇಳಬೇಕು. ಒಂದು ಕಾಲದಲ್ಲಿ ಯಂತ್ರಗಳು ಯಾರ ದನಿಯನ್ನಾದರೂ ಅನುಕರಿಸಿ, ನೀರು ಬಂತು, ನೀರಿಲ್ಲ, ಊರು ಬಿಡಿ ಎಂದು ಸುಳ್ಳು ಹೇಳತೊಡಗಿದ್ದವು. ಆಮೇಲೆ ಜನ ಯಂತ್ರದ ದನಿಯನ್ನು ನಂಬುವುದನ್ನೇ ಬಿಟ್ಟರು. ಈಗ ಪ್ರತಿ ವಾರ್ಡಿನ ನೀರಿನ ಟ್ಯಾಂಕಿನ ಮೇಲೆ ಗುರುತಿನವರೊಬ್ಬರು ಹತ್ತಿ, ಸ್ವಂತ ಗಂಟಲಿನಿಂದ, ಎಷ್ಟು ಹೊತ್ತು ನೀರು, ಯಾವಾಗ ಬಿಸಿಗಾಳಿ ಎಂದು ಕೂಗುತ್ತಾರೆ. ಕೊನೆಯ ಬೀದಿಯವರಿಗೆ ಕೂಗು ಕೇಳಿದರೆ ಅವರು ಸ್ಟೀಲಿನ ತಟ್ಟೆ ಬಡಿಯುತ್ತಾರೆ. ತಟ್ಟೆ ಕೇಳಿದರೆ ಕೂಗು ಮುಟ್ಟಿತು ಎಂದರ್ಥ. ಮೂರು ಸಲ ತಟ್ಟೆ ಕೇಳದಿದ್ದರೆ ಕೂಗುಗಾರರನ್ನು ಬದಲಾಯಿಸುತ್ತಾರೆ. ಆ ಹೊತ್ತಿಗೆ ಅವ್ವ ಇಪ್ಪತ್ತೆರಡು ವರ್ಷ ಕೂಗಿದ್ದಳು. ಒಂದು ದಿನವೂ ತಟ್ಟೆ ತಪ್ಪಿರಲಿಲ್ಲ. ಆಕೆಗೆ ಆ ಟ್ಯಾಂಕೇ ಸಿಂಹಾಸನ. ಅದರಿಂದ ಇಳಿಸಿದರೆ ಅವ್ವ ಅವ್ವನಾಗಿ ಉಳಿಯುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಅವ್ವ ದಪ್ಪ. ಎದೆ ತುಂಬಿದ, ಹೊಟ್ಟೆ ಮುಂದಿದ್ದ, ಕಾಲು ಸಪೂರವಾಗಿದ್ದ ಮೈ. ಅಂಥ ಮೈಯಿಂದಲೇ ಅಂಥ ದನಿ ಬರುತ್ತಿತ್ತು. ಆದರೆ ಅಳತೆಗೆ ವಾರ ಮುಂಚೆ ಆಕೆಯ ಓರಗಿತ್ತಿ, ಒಂಬತ್ತನೇ ಬೀದಿಯ ರುದ್ರಾಂಬ ಚಿಕ್ಕಮ್ಮ, ನಾಲ್ಕು ಜನರ ಮುಂದೆ ಒಂದು ಮಾತು ಆಡಿದಳು: "ಹಾಲಕ್ಕ ಟ್ಯಾಂಕ್ ಮ್ಯಾಲೆ ನಿಂತ್ರೆ ಟ್ಯಾಂಕ್ ಯಾವ್ದು, ಹಾಲಕ್ಕ ಯಾವ್ದು ಅಂತ ಕೆಳಗಿದ್ದೋರಿಗೆ ಗೊತ್ತೇ ಆಗಂಗಿಲ್ಲ ನೋಡು." ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಮನೆಗೆ ಬಂದು ರೊಟ್ಟಿ ಬಡಿದ ಸದ್ದಿನಲ್ಲಿ ಮಾತ್ರ ಆ ನಗು ಇರಲಿಲ್ಲ.

ಅಳತೆಯ ದಿನ ಸಾಲಿನಲ್ಲಿ ನಮ್ಮ ಹಿಂದೆಯೇ ರುದ್ರಾಂಬ ಚಿಕ್ಕಮ್ಮ ನಿಂತಿದ್ದಳು. ಆಗ ಅಳತೆಗಾತಿಯಾಗಿದ್ದವರು ಜುಲೇಖಾಬಿ. ತೆಳ್ಳಗೆ, ಬಿಳಿ ತಲೆ, ಬಾಯಿಯಲ್ಲಿ ಸದಾ ಒಂದು ಲವಂಗ. ಅವರು ಟೇಪನ್ನು ಹೊಟ್ಟೆಯ ಸುತ್ತ ತಂದ ಕ್ಷಣದಲ್ಲಿ ಅವ್ವ ಉಸಿರು ಮೇಲೆಳೆದು ಹಿಡಿದಳು. ಹೊಟ್ಟೆ ಒಳಗೆ ಹೋಯಿತು, ಭುಜ ಮೇಲೆದ್ದಿತು, ಕತ್ತು ಉದ್ದವಾಯಿತು. ನನ್ನ ಅವ್ವ ಅಷ್ಟು ಚೆಂದ ಕಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಜುಲೇಖಾಬಿ ನನ್ನ ಕಡೆ ತಿರುಗಿ ಕೇಳಿದರು. ಅವ್ವ ಉಸಿರು ಬಿಡದೆಯೇ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಮೂರು ಸಲವೂ ಹೌದು ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇಪ್ಪತ್ತು ದಿನಕ್ಕೆ ಬಟ್ಟೆ ಬಂದವು. ಇಟ್ಟಿಗೆ ಬಣ್ಣದ ಎರಡು ಕುಪ್ಪಸ. ತೊಟ್ಟು ನಿಂತರೆ ಅವ್ವ ಹತ್ತು ವರ್ಷ ಚಿಕ್ಕವಳು. ಬೀದಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವ್ವ ಆ ಹೊಗಳಿಕೆಗೆ ಉತ್ತರ ಕೊಡದೆ ತಲೆಯಾಡಿಸುತ್ತಿದ್ದಳು, ಯಾಕೆಂದರೆ ಮಾತಾಡಲು ಉಸಿರು ಬೇಕಿತ್ತು. ಮರುದಿನ ಬೆಳಿಗ್ಗೆ ಟ್ಯಾಂಕು ಹತ್ತಿ ಕೂಗಿದಳು. ಆರನೇ ಬೀದಿಯವರೆಗೆ ದನಿ ಹೋಯಿತು, ಆಮೇಲೆ ಸವೆಯಿತು. ತಟ್ಟೆ ಕೇಳಲಿಲ್ಲ. ಒಂಬತ್ತನೇ ಬೀದಿಯವರು ಕೊಡ ಹಿಡಿದು ಬರುವ ಹೊತ್ತಿಗೆ ನೀರು ನಿಂತುಹೋಗಿತ್ತು. ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ, ಎರಡನೇ ಸಲವೂ ಹಾಗೇ ಆಯಿತು. ಅವ್ವ ಮೆಟ್ಟಿಲಿಳಿದು ಬಂದು ಕಟ್ಟೆಯ ಮೇಲೆ ಕೂತಾಗ ಆಕೆಯ ಮುಖ ನೋಡಲು ನನ್ನಿಂದಾಗಲಿಲ್ಲ. ನನ್ನ ಮೂರು ಹೌದು ಅವ್ವನ ದನಿಯನ್ನು ತಿಂದುಹಾಕಿದ್ದವು.

ಇದಕ್ಕೆ ಕಾನೂನಿನಲ್ಲಿ ಒಂದೇ ದಾರಿಯಿತ್ತು. ಅದರ ಹೆಸರು ನೋಡುಗರ ಪಾಲು. ನೋಡುಗರು ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡರೆ ಅವರ ಏಳರಲ್ಲಿ ಒಂದನ್ನು ಕತ್ತರಿಸಿ, ತಪ್ಪಿದ ಬಟ್ಟೆಗೆ ಸೇರಿಸಿ ಹೊಲಿಯಬಹುದು. ಆದರೆ ಅಳತೆ ಕೊಟ್ಟವರೂ ತಪ್ಪೊಪ್ಪಿಕೊಳ್ಳಬೇಕು, ಮತ್ತು ಅದನ್ನು ವಾರ್ಡಿನ ಟ್ಯಾಂಕಿನ ಮೇಲಿಂದ ಎಲ್ಲ ಬೀದಿಗೂ ಕೇಳುವಂತೆ ಕೂಗಬೇಕು. ನಾನು ಅವ್ವನಿಗೆ ಹೇಳಿದೆ. ಅವ್ವ ಲಟ್ಟಣಿಗೆ ಎತ್ತಿಕೊಂಡಳು. "ಹೊಟ್ಟೆ ಒಳಗೆ ಎಳ್ಕಂಡಿದ್ದೆ ಅಂತ ಊರಿಗೆಲ್ಲ ಸಾರ್ಲಾ? ಆ ರುದ್ರಿಗೆ ಕೇಳಂಗೆ? ಅದಕ್ಕಿಂತ ಕೂಗೋದೇ ಬಿಡ್ತೀನಿ ತಗಾ."

ನಾನೊಬ್ಬಳೇ ಜುಲೇಖಾಬಿಯ ಹತ್ತಿರ ಹೋಗಿ ನನ್ನ ಸುಳ್ಳನ್ನು ಹೇಳಿಕೊಂಡು ಅತ್ತೆ. ಅವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. "ಮೂವತ್ತು ವರ್ಷ ಟೇಪ್ ಹಿಡ್ದೀನಿ. ನಿಮ್ಮವ್ವ ಉಸಿರು ಹಿಡಿದಿದ್ದು ನನಗೆ ಗೊತ್ತಾಗ್ಲಿಲ್ಲ ಅಂದ್ಕಂಡೇನು? ಆದ್ರೆ ಕಾನೂನು ನನ್ನ ಕಣ್ಣು ನಂಬಂಗಿಲ್ಲ, ನಿನ್ನ ಮಾತು ನಂಬ್ತತಿ. ನಿನ್ನ ತಪ್ಪು ನೀನು ಹೇಳಿದಿ. ಆಕಿದು ಆಕೀನೇ ಹೇಳ್ಬೇಕು." ಬೇಕಾದರೆ ಪಕ್ಕದ ವಾರ್ಡಿನ ಕೂಗುಗಾರರನ್ನು ಕರೆಸಿ ಕೂಗಿಸಬಹುದು ಎಂದೂ ಸೇರಿಸಿದರು. ಆ ಮಾತನ್ನು ಮನೆಗೆ ತಂದು ಅವ್ವನ ಮುಂದಿಟ್ಟೆ. ಅವ್ವ, "ನನ್ನ ಟ್ಯಾಂಕಿನ ಮ್ಯಾಲೆ ಇನ್ನೊಬ್ರಾ?" ಅಂದಳು. ಅಷ್ಟೇ ಅಂದದ್ದು.

ಮುಂದಿನ ನೀರಿನ ದಿನ ಬೆಳಿಗ್ಗೆ ಅವ್ವ ಟ್ಯಾಂಕು ಹತ್ತಿದಳು. ನಾನು ಹಿಂದೆಯೇ ಹತ್ತಿದೆ. ಮೇಲೆ ಹೋದ ಮೇಲೆ ಆಕೆ ಕುಪ್ಪಸದ ಕೊಕ್ಕೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಸೆರಗನ್ನು ಮೈಸುತ್ತ ಎರಡು ಸುತ್ತು ಸುತ್ತಿ, ತುದಿಯನ್ನು ನನ್ನ ಕೈಗೆ ಕೊಟ್ಟು ಹಿಡಿದುಕೊ ಅಂದಳು. ಗಾಳಿ ಜೋರಾಗಿತ್ತು. ಪ್ರತಿ ಸಲವೂ ಹೀಗೆ ನಿಂತು ಕೂಗಲು ಸಾಧ್ಯವಿಲ್ಲ, ಒಂದು ದಿನದ ಮಟ್ಟಿಗೆ ಆಗುತ್ತದೆ. ಈ ಕೂಗೂ ಮುಟ್ಟದಿದ್ದರೆ ಅದೇ ಮೂರನೆಯದು. ಅವ್ವ ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟಳು. ಉಸಿರು ತುಂಬಿಕೊಂಡಳು.

"ಒಂಬತ್ತೂ ಬೀದಿಯೋರು ಕೇಳ್ರೀ! ನಾನು ಹಾಲಮ್ಮ! ಅಳತೆ ದಿನ ಹೊಟ್ಟೆ ಒಳಗೆಳಕೊಂಡು ನಿಂತಿದ್ದೆ! ಚೆಂದ ಕಾಣ್ಲಿ ಅಂತ! ನನ್ ಮಗಳು ನೋಡೀನೂ ಸುಮ್ನಿದ್ಲು! ಇಬ್ರದೂ ತಪ್ಪಾತು! ಈಗ ನೀರು ಬಿಟ್ಟಾರೆ, ಮುಕ್ಕಾಲು ತಾಸು, ಹಿಡ್ಕಳ್ರೀ!"

ಕೆಳಗೆ ಒಂದನೇ ಬೀದಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕದ್ದು ಕೇಳಿತು. ಆಮೇಲೆ ಏನೂ ಇಲ್ಲ. ನಾನು ಸೆರಗಿನ ತುದಿ ಹಿಡಿದು ನಿಂತಿದ್ದೆ. ಅವ್ವ ಕಣ್ಣು ಮುಚ್ಚಿದ್ದಳು. ಆಗ ತಟ್ಟೆ ಕೇಳಿತು. ಒಂಬತ್ತನೇ ಬೀದಿಯಿಂದ, ಬೇಕಾದದ್ದಕ್ಕಿಂತ ಜೋರಾಗಿ, ನಿಲ್ಲಿಸಲು ಮರೆತವರ ಹಾಗೆ ಯಾರೋ ಬಡಿಯುತ್ತಲೇ ಇದ್ದರು. ಬಡಿದವಳು ರುದ್ರಾಂಬ ಚಿಕ್ಕಮ್ಮ. ಸಂಜೆ ಆಕೆಯೇ ಬಂದು, ಬಾಗಿಲಲ್ಲಿ ನಿಂತು, ತನ್ನ ಸೊಂಟದ ಕಡೆ ಕೈ ತೋರಿಸಿ, "ನಂದೂ ಬಿಗಿ ಐತೆ ಅಕ್ಕ, ಹತ್ತು ದಿನ ಆತು, ಕುಂತು ಉಂಡಿಲ್ಲ" ಅಂದಳು. ಅವ್ವ ಮೊದಲು ನಕ್ಕಳು, ಆಮೇಲೆ ಒಳಗೆ ಕರೆದು ಊಟಕ್ಕಿಟ್ಟಳು. ಆ ವಾರ ನಮ್ಮ ವಾರ್ಡಿನಲ್ಲಿ ಮೂವತ್ತೊಂದು ಜನ ತಪ್ಪೊಪ್ಪಿಕೊಂಡರು. ಅದರಲ್ಲಿ ಹದಿನಾಲ್ಕು ಜನ ಗಂಡಸರು.

ನನ್ನ ಹಸಿರು ನಿಲುವಂಗಿಯನ್ನು ಕತ್ತರಿಸಿ ಅವ್ವನ ಎರಡೂ ಕುಪ್ಪಸಕ್ಕೆ ಕಂಕುಳಿನಿಂದ ಸೊಂಟದವರೆಗೆ ಪಟ್ಟಿ ಕೊಟ್ಟೆವು. ನಾನು ಏಳು ವರ್ಷ ಆರು ಬಟ್ಟೆಯಲ್ಲೇ ಕಳೆದೆ, ಒಂದು ದಿನವೂ ಕೊರಗಲಿಲ್ಲ. ಇನ್ನೊಂದು ಕೇಳಿ. ಇಟ್ಟಿಗೆ ಬಣ್ಣದ ಪಕ್ಕದಲ್ಲಿ ಕಡು ಹಸಿರಿನ ಉದ್ದ ಪಟ್ಟಿ ಬಂದದ್ದರಿಂದ ಅವ್ವ ಉಸಿರು ಹಿಡಿಯದೆಯೇ ಸಪೂರವಾಗಿ ಕಂಡಳು. ಪಕ್ಕದಲ್ಲಿ ಕಡು ಬಣ್ಣ ಮೇಲಿನಿಂದ ಕೆಳಕ್ಕೆ ಇಳಿದರೆ ಕಣ್ಣು ನಡುವಿನ ಬಣ್ಣದಲ್ಲೇ ನಿಲ್ಲುತ್ತದೆ. ಜುಲೇಖಾಬಿ ಅದನ್ನು ದೂರದಿಂದ ನೋಡಿ, ನಾಳೆಯಿಂದ ಅಂಗಡಿಗೆ ಬಾ ಎಂದು ನನಗೆ ಹೇಳಿದರು. ಅವ್ವ ಆಮೇಲೆ ಇನ್ನೂ ಹತ್ತೊಂಬತ್ತು ವರ್ಷ ಕೂಗಿದಳು.

ಹಾಗೆ ಕಲಿತದ್ದನ್ನು ನಿಮಗೆ ಹೇಳಿದರೆ ಅಂಚೆಯ ಗುಮಾಸ್ತರು ತಡೆಯಲಾರರು. ನಿಮ್ಮ ಕಾಲದ ಪತ್ರಿಕೆಗಳಲ್ಲಿ ಹೆಂಗಸರ ಮೈಗೆ ಪಿಯರ್, ಸೇಬು ಎಂದು ಹಣ್ಣುಗಳ ಹೆಸರಿಟ್ಟಿರುವುದನ್ನು ಓದಿದೆ. ಸಂತೆಗೆ ಹೋಗಿದ್ದೀರಾ, ಬಟ್ಟೆ ಅಂಗಡಿಗೆ ಹೋಗಿದ್ದೀರಾ? ಹಣ್ಣನ್ನು ಬಿಡಿ, ಮೂಳೆ ಹಿಡಿಯಿರಿ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆಯೇ ಕೂರಬೇಕು. ಅಲ್ಲಿ ತಪ್ಪಿದ ಬಟ್ಟೆಯನ್ನು ಬೇರೆ ಯಾವುದೂ ಕಾಪಾಡುವುದಿಲ್ಲ. ಕುರ್ತಾದ ಅಂಚು ನಿಮ್ಮ ಮೈಯ ಅತಿ ಅಗಲವಾದ ಜಾಗದಲ್ಲಿ ನಿಲ್ಲದಿರಲಿ, ಅಂಚು ಎಲ್ಲಿ ನಿಂತರೆ ನೋಡುವವರ ಕಣ್ಣೂ ಅಲ್ಲೇ ನಿಲ್ಲುತ್ತದೆ. ಸೊಂಟ ಅಗಲವಿದ್ದರೆ ಒಂದು ಗೇಣು ಕೆಳಗೆ ಇಳಿಸಿ. ಕತ್ತು ಗಿಡ್ಡವಿದ್ದರೆ ಮುಂದೆ ಚೂಪಾಗಿ ಇಳಿದ ಕೊರಳು ಕೊಡಿಸಿ. ಭುಜ ಅಗಲ, ಸೊಂಟ ಕಿರಿದಾಗಿದ್ದವರು ಮೇಲೆ ಸಾದಾ ಬಣ್ಣ, ಕೆಳಗೆ ನೆರಿಗೆ ತೊಡಲಿ. ನನ್ನ ಅವ್ವನಂಥವರಿಗೆ ಎದೆಯ ಕೆಳಗಿನಿಂದ ನೇರ ಬೀಳುವ ಬಟ್ಟೆಯೇ ಸರಿ, ಅದೂ ಸ್ವಲ್ಪ ದಪ್ಪ ನೂಲಿನದು. ತೆಳು ಬಟ್ಟೆ ಚಾಡಿಕೋರ, ಮೈಯ ಗುಟ್ಟನ್ನೆಲ್ಲ ಊರಿಗೆ ಹೇಳುತ್ತದೆ. ಪ್ಯಾಂಟನ್ನು ನಿಂತು ನೋಡಿ ಕೊಳ್ಳಬೇಡಿ. ಚಕ್ಕಂಬಕ್ಕಳ ಹಾಕಿ ಕೂತು ನೋಡಿ, ಕುರ್ತಾ ಆದರೆ ಅಟ್ಟದ ಡಬ್ಬಿ ಇಳಿಸುವವರ ಹಾಗೆ ಕೈಯೆತ್ತಿ ನೋಡಿ. ಇಂಥ ಏಳು ಬಟ್ಟೆ ಬೀರುವಿನಲ್ಲಿದ್ದರೆ, ಒಂದರ ಜೊತೆ ಇನ್ನೊಂದು ಹೊಂದುವಂತಿದ್ದರೆ, ಬೆಳಿಗ್ಗೆ ಅದರ ಮುಂದೆ ಗೊಣಗುವ ಪ್ರಸಂಗ ಬರುವುದಿಲ್ಲ. ನಾನು ಮೂವತ್ತೆರಡು ವರ್ಷ ಹೀಗೆ ಬದುಕಿ ಹೇಳುತ್ತಿದ್ದೇನೆ.

ಇನ್ನು ಎಚ್ಚರಿಕೆಯ ಮಾತು. ಮುಂದಿನ ತಿಂಗಳು ತೆಳ್ಳಗಾಗುತ್ತೇನೆ ಎಂದು ಒಂದು ಅಳತೆ ಚಿಕ್ಕದನ್ನು ಕೊಳ್ಳುವ ಅಭ್ಯಾಸ ನಿಮ್ಮ ಕಾಲದವರಿಗಿತ್ತೆಂದು ಓದಿದ್ದೇನೆ. ಅಜ್ಜಿ, ನಿಮ್ಮ ಬೀರುವಿನಿಂದ ಕಾಲ ಮೇಲೆ ಬೀಳುತ್ತಿರುವುದು ಅಂಥ ಬಟ್ಟೆಗಳೇ ಇರಬೇಕು. ನಿಮಗೆ ಏಳು ವರ್ಷದ ಶಿಕ್ಷೆಯಿಲ್ಲ, ಅದಕ್ಕೇ ತಪ್ಪು ಗೊತ್ತಾಗಲಿಲ್ಲ. ಬರಲಿರುವ ಯಾವುದೋ ಹೆಂಗಸಿಗಾಗಿ ನೀವು ಬಟ್ಟೆ ಕೊಳ್ಳುತ್ತಿದ್ದೀರಿ. ಇವತ್ತು ಅಂಗಡಿಗೆ ನಡೆದು ಬಂದವರಿಗೆ ಯಾರು ಕೊಳ್ಳಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಖರ್ಚಿಗೆ ಸರಿಯಾದ ಮಾತು. ಬಟ್ಟೆಗೆ ಮಾತ್ರ ಅದನ್ನು ತಿರುಗಿಸಿ ಹಾಕಿ. ಮೊದಲು ಕಾಲು ಪೂರ್ತಿ ಚಾಚಿ, ಆಮೇಲೆ ಹಾಸಿಗೆ ಅಳೆಯಿರಿ.

ಕೊನೆಯದಾಗಿ ಒಂದು ಬೇಡಿಕೆ. ಇದನ್ನು ನನ್ನ ಅಂಗಡಿಗೆ ಬರುವ ಎಲ್ಲರಿಗೂ ಮಾಡಿಸುತ್ತೇನೆ. ಟೇಪು ಸುತ್ತುವ ಮುಂಚೆ, ಬಾಗಿಲ ಕಡೆ ಮುಖ ಮಾಡಿ, ಬೀದಿ ತುದಿಯವರಿಗೆ ಕೇಳುವಂತೆ ತಮ್ಮ ಹೆಸರನ್ನು ತಾವೇ ಕೂಗಬೇಕು. ಹಾಗೆ ಕೂಗುವವರಿಗೆ ಹೊಟ್ಟೆ ಒಳಗೆಳೆಯಲು ಆಗುವುದಿಲ್ಲ. ಕೂಗು ಮುಗಿದು ಉಸಿರು ಹೊರಗೆ ಬಂದಾಗ ಮೈ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಅದೇ ಅಳತೆ. ನೀವೂ ನಿಮ್ಮ ಅಂಗಡಿಯ ಆ ಪುಟ್ಟ ಕೋಣೆಯಲ್ಲಿ ಚಿಲಕ ಹಾಕಿಕೊಂಡು, ಹೊಸ ಬಟ್ಟೆ ತೊಟ್ಟು, ನಿಮ್ಮ ಹೆಸರನ್ನು ಒಮ್ಮೆ ಕೂಗಿ ನೋಡಿ. ಹೊರಗಿನವರು ಏನು ಅಂದುಕೊಂಡರೂ ಅಂದುಕೊಳ್ಳಲಿ. ಆ ಬಟ್ಟೆ ಅಡ್ಡ ಬರದಿದ್ದರೆ ಕೊಂಡುಕೊಳ್ಳಿ.

ಇದರಲ್ಲಿ ನನ್ನದೂ ಒಂದು ಸ್ವಾರ್ಥವಿದೆ. ನಿಮ್ಮ ಬೀರುವಿನ ಕಥೆ ಆರು ತಲೆಮಾರು ದಾಟಿ ನಮ್ಮವರೆಗೆ ಬಂತು. ನಿಮ್ಮ ಹೆಸರು ಬರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಈ ಲಕೋಟೆಯ ಮೇಲೂ ನಾನು ಬರೆದಿರುವುದು ಸಂಬಂಧ ಮಾತ್ರ. ಆದ್ದರಿಂದ ಗಟ್ಟಿಯಾಗಿ ಕೂಗಿ, ಅಜ್ಜಿ. ನಾನು ಈ ಕೊನೆಯ ಬೀದಿಯಲ್ಲಿ ತಟ್ಟೆ ಹಿಡಿದು ನಿಂತಿರುತ್ತೇನೆ.

ನಿಮ್ಮ,
ಹಾಲಮ್ಮನ ಮಗಳು ಚಂಪಾವತಿ